ಕೂಗದೆ ಬಿಟ್ಟ ನೀರು

ತೂಬಿನ ಹಲಗೆಯ ಸಂದಿಗೆ ತುರುಕಿದ್ದ ಹುಲ್ಲಿನ ಜಡೆ ಎಡಕ್ಕೆ ತಿರುಚಿಕೊಂಡಿತ್ತು. ನೀರುಗಂಟಿ ಅದನ್ನೇ ನೋಡುತ್ತ ನಿಂತ. ಬೆಳಕು ಇನ್ನೂ ಗುಡ್ಡದ ಆ ಬದಿಯಲ್ಲೇ ಇತ್ತು. ಒರತೆಯ ಹೊಂಡ ಮೂರನೆಯ ಮೆಟ್ಟಿಲಿನ ತನಕ ತುಂಬಿಕೊಂಡು, ಹೊಟ್ಟೆ ತುಂಬ ಉಂಡವರ ಹಾಗೆ ಸದ್ದಿಲ್ಲದೆ ಮಲಗಿತ್ತು. ನಿನ್ನೆ ಸಂಜೆ ಅವನು ಇಲ್ಲಿಂದ ಹೋಗುವಾಗ ಹಲಗೆಯನ್ನು ಎಂದಿನಂತೆ ಒಂದು ಅಂಗೈ ಎತ್ತರಿಸಿಯೇ ಹೋಗಿದ್ದ. ಮೂವತ್ತೊಂದು ವರ್ಷದಲ್ಲಿ ಈ ಹಲಗೆಯನ್ನು ಎತ್ತಿದ್ದೂ ಇಳಿಸಿದ್ದೂ ಅವನ ಕೈಯೇ. ಅದಕ್ಕೂ ಮುಂಚೆ ಅವನ ಅಪ್ಪನ ಕೈ. ಹಲಗೆ ಮುಚ್ಚಿದಾಗ ಸಂದಿನಲ್ಲಿ ಒಸರುವ ನೀರನ್ನು ನಿಲ್ಲಿಸಲು ನೆನೆದ ಹುಲ್ಲನ್ನು ಮೂರೆಳೆಯಾಗಿ ಹೆಣೆದು, ಜಿಗಿಮಣ್ಣು ಸವರಿ ಒತ್ತುವ ವಿದ್ಯೆ ಅಪ್ಪನದು. ಅಪ್ಪನ ಜಡೆ ಬಲಕ್ಕೆ ತಿರುಚುತ್ತಿತ್ತು, ಇವನದೂ ಬಲಕ್ಕೆ. ಎಡಕ್ಕೆ ತಿರುಚುವ ಕೈ ಇಡೀ ಸೀಮೆಯಲ್ಲಿ ಒಂದೇ ಇತ್ತು. ತಾಯಿ ಸತ್ತ ಮೇಲೆ ಹೆಂಡತಿಯ ಬೆನ್ನಿಗಂಟಿಕೊಂಡು ಈ ಮನೆಗೆ ಬಂದ ಭಾಮೈದನಿಗೆ ಜಡೆ ಹೆಣೆಯುವುದನ್ನು ಕಲಿಸಿದವನು ಇವನೇ. ಬಲಗೈಯಲ್ಲಿ ಮಾಡು ಎಂದು ಬೆರಳ ಗೆಣ್ಣಿಗೆ ಹೊಡೆದಿದ್ದೂ ಉಂಟು. ಕೈ ಮಾತ್ರ ಎಡಕ್ಕೇ ಹೋಗುತ್ತಿತ್ತು. 'ನೀರಿಗೆ ಎಡ ಬಲ ಎಲ್ಲಿ ಗೊತ್ತಾಗುತ್ತೆ ಬಿಡು ಭಾವ' ಅಂದಿದ್ದ. ನಕ್ಕು ಬಿಟ್ಟಿದ್ದ ಇವನು. ಅಂದಿನಿಂದ ಊರೆಲ್ಲ ಅವನನ್ನು ಎಡಚ ಎಂದೇ ಕರೆಯಿತು. ಈಗ ರೆಸಾರ್ಟಿನಲ್ಲಿ ಮೇಲ್ವಿಚಾರಕನಾಗಿ ಬಿಳೀ ಅಂಗಿ ತೊಟ್ಟು ಓಡಾಡುವಾಗಲೂ ಹಿಂದಿನಿಂದ ಎಡಚ ಎಂದೇ ಕರೆಯುತ್ತಾರೆ. ಅವನು ತಿರುಗಿ ನೋಡುತ್ತಾನೆ, ಕೋಪ ಮಾಡಿಕೊಳ್ಳುವುದಿಲ್ಲ. ಅವನಿಗೆ ಕೋಪ ಬಂದಿದ್ದನ್ನು ನೀರುಗಂಟಿ ಈವರೆಗೂ ಕಂಡಿಲ್ಲ.

ಇವತ್ತು ಮಧ್ಯಾಹ್ನ ಅಳತೆಯ ಅಧಿಕಾರಿ ಬರುತ್ತಾನೆ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಾಲುವೆಯ ಕೆಳಗಿನ ಏಳು ಮನೆಯವರು ಅರ್ಜಿ ಕೊಟ್ಟಿದ್ದರು: ರೆಸಾರ್ಟು ಹೊಂಡಕ್ಕೆ ಕೊಳವೆ ಇಳಿಸಿದ ಮೇಲೆ ನಮ್ಮ ಗದ್ದೆಗೆ ನೀರು ಮುಟ್ಟುತ್ತಿಲ್ಲ, ಪೈರು ಹಾಲುಗಟ್ಟುವ ಮುಂಚೆ ಒಣಗುತ್ತಿದೆ, ಕೊಳವೆ ಮುಚ್ಚಿಸಿ ಎಂದು. ಅಧಿಕಾರಿ ಬಂದು ಕಾಲುವೆಯಲ್ಲಿ ನೆಟ್ಟ ಅಳತೆಗಲ್ಲಿನ ಹತ್ತಿರ ಕೋಲು ಅದ್ದುತ್ತಾನೆ. ಒಂದು ಗೇಣು ನೀರಿದ್ದರೆ ಅರ್ಜಿ ಸುಳ್ಳು. ಅದಕ್ಕಿಂತ ಕಮ್ಮಿ ಇದ್ದರೆ ಕೊಳವೆ ಮುಚ್ಚಬೇಕು. ಅಷ್ಟೇ ಸರಳ. ಅದಕ್ಕೇ ಯಾರೋ ನಿನ್ನೆ ಕತ್ತಲಾಗುತ್ತಿದ್ದಂತೆ ಬಂದು ಹಲಗೆ ಇಳಿಸಿ, ಹೊಂಡ ತುಂಬಿಸಿಟ್ಟಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಎತ್ತಿದರೆ ಕಾಲುವೆ ದಡ ತಟ್ಟಿಕೊಂಡು ಹರಿಯುತ್ತದೆ. ಯಾರೋ ಎಂದು ತನಗೆ ತಾನೇ ಹೇಳಿಕೊಂಡಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಜಡೆ ಎದುರಿಗೇ ಇತ್ತು. ಎಡಚ ಇದನ್ನು ಮಾಡಬಲ್ಲ ಎಂಬುದಲ್ಲ ಅವನನ್ನು ಅಲ್ಲಿ ನಿಲ್ಲಿಸಿದ್ದು. ಇದೇ ಉಪಾಯವನ್ನು ಎರಡು ವರ್ಷದ ಹಿಂದೆ, ಇದೇ ತೂಬಿನಲ್ಲಿ, ತಾನು ತನ್ನ ಕೈಯಾರೆ ಮಾಡಿದ್ದೆ ಎಂಬುದು.

ಆವತ್ತು ಭಾಮೈದ ಒಂದು ಕಾಗದ ತಂದಿದ್ದ. ನೀರುಗಂಟಿಗೆ ಓದಲು ಬರುವುದಿಲ್ಲವೆಂದಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುವ ಹೊತ್ತಿಗೆ ಓದಿದ್ದು ಏನೆಂದೇ ಮರೆತುಹೋಗುತ್ತಿತ್ತು. ಮನೆಗೆ ಬಂದ ಕಾಗದವನ್ನೆಲ್ಲ ಓದುವ ಕೆಲಸ ಭಾಮೈದನದು. ಜಗಲಿಯ ಮೇಲೆ ಕೂತು ಕಾಲಾಡಿಸುತ್ತ ಓದಿ ಹೇಳಿದ: 'ದೊಡ್ಡೋರು ಯಾರೋ ನಮ್ಮ ಒರತೆ, ಕಾಲುವೆ ಎಲ್ಲಾ ನೋಡೋಕೆ ಬರ್ತಾರಂತೆ ಭಾವ. ದೂರದಿಂದ ಬರ್ತಾರೆ. ನೆಂಟರು ಬಂದ ದಿನ ನಮ್ಮ ಕಾಲುವೆ ನೆಗಡಿ ಹಿಡಿದ ಮೂಗಿನ ಥರ ಸೊರಸೊರ ಅಂತಿದ್ರೆ ಏನು ಚೆನ್ನ? ಎರಡು ದಿನ ಹಿಡಿದಿಡು. ತುಂಬಿ ಹರೀಲಿ.' ಇವನಿಗೆ ಆ ಮಾತು ಹಿಡಿಸಿತು. ಹಿಡಿಸಿದ್ದಷ್ಟೇ ಅಲ್ಲ, ಆ ಎರಡು ದಿನ ಅವನು ಮದುವೆ ಮನೆಯವನ ಹಾಗೆ ಓಡಾಡಿದ. ಕಾಲುವೆಯ ದಡದ ಕಳೆ ಕಿತ್ತ, ಅಳತೆಗಲ್ಲನ್ನು ತೊಳೆದ. ಬಂದವರಲ್ಲಿ ಒಬ್ಬ ಬಗ್ಗಿ ಕೋಲು ಅದ್ದಿ ಎರಡು ಗೇಣು ಮೂರು ಬೆರಳು ಎಂದಾಗ, ಮಗುವಿನ ಕೆನ್ನೆ ಹಿಂಡಿ ಗುಂಡುಗುಂಡಾಗಿದೆ ಎಂದು ನೆಂಟರು ಹೇಳಿದಷ್ಟು ಹಿಗ್ಗಿದ್ದ. ದಿನವೂ ಹೀಗೇ ಹರಿಯುತ್ತಾ ಎಂದು ಕೇಳಿದರು. ಇವನು ಬಾಯಿ ತೆರೆಯುವ ಮೊದಲೇ ಭಾಮೈದ 'ದೇವರು ಕೊಟ್ಟಿದ್ದು' ಎಂದ. ಇವನು ತಲೆಯಾಡಿಸಿದ. ದೇವರು ಕೊಟ್ಟಿದ್ದು ನಿಜವೇ. ಎರಡು ದಿನ ಹಿಡಿದಿಟ್ಟಿದ್ದು ಮಾತ್ರ ತಾನು. ಆಮೇಲೆ ಎಲ್ಲರೂ ಒಂದು ಹಾಳೆಗೆ ರುಜು ಹಾಕಿದರು. ಬಂದು ಹೋದದ್ದಕ್ಕೆ ಗುರುತು ಎಂದ ಭಾಮೈದ. ಇವನೂ ನಾಲಿಗೆ ಕಚ್ಚಿಕೊಂಡು ತನ್ನ ಹೆಸರಿನ ನಾಲ್ಕಕ್ಷರ ಬರೆದ. ಆರು ತಿಂಗಳಿಗೆ ಗುಡ್ಡದ ತಪ್ಪಲಿನಲ್ಲಿ ಹೆಂಚಿನ ಮನೆಗಳ ಸಾಲು ಎದ್ದಿತು, ನಡುವೆ ನೀಲಿ ಈಜುಕೊಳ. ಹೆಚ್ಚುವರಿ ನೀರು ಎಂದು ಕಾಗದದಲ್ಲಿ ಬರೆದ ನೀರು ಕೊಳವೆ ಹತ್ತಿ ಅಲ್ಲಿಗೆ ಹೋಯಿತು. ಹೆಚ್ಚುವರಿ. ಆ ಮಾತನ್ನು ಅವನು ಎಷ್ಟೋ ದಿನ ಬಾಯಲ್ಲಿ ಹೊರಳಿಸಿದ್ದ. ಹಸಿದ ಮನೆಯಲ್ಲಿ ನೆಂಟರ ಎದುರು ತುಂಬಿದ ತಟ್ಟೆ ಇಟ್ಟಿದ್ದಕ್ಕೆ, ಇವರಿಗೆ ಊಟ ಹೆಚ್ಚಾಗಿದೆ ಎಂದು ಬರೆದುಕೊಂಡು ಹೋದರಲ್ಲ.

ಇಷ್ಟು ದಿನ ಅವನು ಭಾಮೈದನನ್ನು ಆ ಪಾಪದಿಂದ ಹೊರಗೇ ಇಟ್ಟಿದ್ದ. ಅವನಿಗೂ ಗೊತ್ತಿರಲಿಲ್ಲ, ಅವನೂ ಮೋಸ ಹೋದ, ಆಮೇಲೆ ಕೆಲಸ ಸಿಕ್ಕಿತು, ಸಿಕ್ಕಿದ್ದನ್ನು ಬಿಡುವುದು ಯಾರಿಗೆ ಆಗುತ್ತದೆ ಎಂದು. ತನ್ನ ತಪ್ಪಿಗೆ ಒಬ್ಬ ಜೊತೆಗಾರ ಇದ್ದಾನೆಂಬ ನೆಮ್ಮದಿಯೂ ಅದರಲ್ಲಿತ್ತು. ಎಡಕ್ಕೆ ತಿರುಚಿದ ಜಡೆ ಆ ನೆಮ್ಮದಿಯನ್ನು ಸದ್ದಿಲ್ಲದೆ ಬಿಚ್ಚುತ್ತಿತ್ತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಹೇಳಿದ ಮಾತು ಈಗ ನೆನಪಾಯಿತು. ಕಣದಲ್ಲಿ ರೆಸಾರ್ಟಿನ ಬಿಳೀ ಹೊದಿಕೆಗಳನ್ನು ಒಣಹಾಕುತ್ತಿದ್ದಳು. ತೆನೆ ಬಡಿಯುತ್ತಿದ್ದ ಕಣದ ತುಂಬ ಈಗ ಹಗ್ಗ. ಹಗ್ಗದ ತುಂಬ ಯಾರು ಯಾರೋ ಮಲಗಿ ಎದ್ದ ಬಟ್ಟೆ. ಎರಡು ಹೊದಿಕೆಯ ನಡುವಿನಿಂದ, ಮುಖ ತೋರಿಸದೆ, 'ಇವತ್ತು ಅವನ ಮಾತಿಗೆ ಅಡ್ಡ ಬರಬೇಡಿ ಕಂಡ್ರಿ' ಅಂದಿದ್ದಳು. ಯಾರ ಮಾತಿಗೆ, ಯಾವ ಮಾತಿಗೆ ಎಂದು ಇವನು ಕೇಳಿರಲಿಲ್ಲ. ಬಟ್ಟೆ ಗಾಳಿಗೆ ಹೊಟ್ಟೆಯುಬ್ಬಿಸಿದಾಗ ಅವಳ ಬರಿಗಾಲು ಮಾತ್ರ ಕಂಡಿತ್ತು. ಹಾಗಾದರೆ ಅವಳಿಗೂ ಗೊತ್ತು. ನಿನ್ನೆ ಸಂಜೆಯದು ಗೊತ್ತು. ಎರಡು ವರ್ಷದ ಹಿಂದಿನದು? ಆ ಪ್ರಶ್ನೆಯ ಹತ್ತಿರ ಹೋಗಿ ಅವನು ಹಿಂದಕ್ಕೆ ಬಂದ. ಆಳ ಗೊತ್ತಿಲ್ಲದ ಹೊಂಡಕ್ಕೆ ಕಾಲಿಟ್ಟು ಹಿಂತೆಗೆದವನ ಹಾಗೆ.

ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನೀರು ನಮ್ಮದಲ್ಲ, ಮೇಲಿನವನದು, ನಾವು ದಾರಿ ಬಿಡುವವರು ಅಷ್ಟೇ ಎಂದು ಅಪ್ಪ ದಿನವೂ ಹೇಳಿ ಹಲಗೆ ಎತ್ತುತ್ತಿದ್ದ. ಇವತ್ತು ಇವನು ಆ ಮಾತಿಲ್ಲದೆಯೇ ಕೈ ಹಾಕಿದ. ಜಡೆಯನ್ನು ಕಿತ್ತು ಕಾಲುವೆಗೆ ಎಸೆದು ಹಲಗೆಯನ್ನು ಪೂರಾ ಎತ್ತಿದ. ಹೊಂಡ ಒಮ್ಮೆ ನಿಟ್ಟುಸಿರಿಟ್ಟು ಹೊರಟಿತು. ಅಧಿಕಾರಿ ಬರುವಷ್ಟರಲ್ಲಿ ಹಿಡಿದಿಟ್ಟ ನೀರೆಲ್ಲ ಹರಿದುಹೋಗಿ, ಒರತೆಯ ನಿಜವಾದ ನೀರು ಎಷ್ಟೋ ಅಷ್ಟೇ ಉಳಿಯುತ್ತದೆ. ಕೋಲು ನಿಜ ಹೇಳುತ್ತದೆ. ತಾನು ಬಾಯಿ ಬಿಡಬೇಕಾದ ಪ್ರಮೇಯವೇ ಇಲ್ಲ. ಪಕ್ಕದಲ್ಲಿ ಕೂಗುಗಲ್ಲು ಇತ್ತು. ಅದರ ಮೇಲೆ ನಿಂತು, ಯಾರ ಸರದಿಯೋ ಅವರ ಗದ್ದೆಯ ಹೆಸರು ಹಿಡಿದು ಕೂಗುವುದು ಪದ್ಧತಿ. ಕೂಗಿದ ಮೇಲೆಯೇ ಆ ಗದ್ದೆಯವರು ಗದ್ದೆಯ ಬಾಯಿ ತೆರೆದು ನೀರು ತಿರುಗಿಸಿಕೊಳ್ಳಬೇಕು. ಕೂಗದೆ ಯಾರೂ ಮುಟ್ಟುವ ಹಾಗಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟ ವರ್ಷಗಳಲ್ಲೂ, ಬಾವಿ ಬತ್ತಿದ ವರ್ಷದಲ್ಲೂ ಈ ಕೂಗೊಂದು ತಪ್ಪಿರಲಿಲ್ಲ. ಅವನು ಕಲ್ಲು ಹತ್ತಿ ಬಾಯಿಗೆ ಕೈ ಅಡ್ಡ ಹಿಡಿದ. ಕೂಗಿದರೆ ರೆಸಾರ್ಟಿಗೂ ಕೇಳುತ್ತದೆ. ಹಲಗೆ ಎತ್ತಿದ್ದು ಎಡಚನಿಗೆ ಗೊತ್ತಾಗುತ್ತದೆ, ಓಡಿ ಬಂದು ಮತ್ತೆ ಇಳಿಸುತ್ತಾನೆ. ಕೈ ಇಳಿಸಿ ಕಲ್ಲಿನಿಂದ ಇಳಿದ. ಕೂಗದಿದ್ದರೇನಂತೆ; ಬಾಯಾರಿದ ನೆಲ ನೀರು ಕಂಡರೆ ಸುಮ್ಮನಿರುತ್ತದೆಯೇ? ಕಾಲುವೆಯ ತುದಿಗೆ ಕೊನೆಗದ್ದೆಯ ಅತ್ತಿಗೆ ಇದ್ದಾಳೆ. ಅರ್ಜಿಗೆ ಮೊದಲ ರುಜು ಹಾಕಿದವಳು. ಗಂಡ ಹೋದ ಮೇಲೆ ಒಂಟಿ ಕೈಯಲ್ಲಿ ಸಾಗುವಳಿ ಮಾಡುವವಳು. ಇಪ್ಪತ್ತು ದಿನದಿಂದ ಅವಳ ಗದ್ದೆಗೆ ಹನಿ ಮುಟ್ಟಿಲ್ಲ. ಬಿರುಕಿನಲ್ಲಿ ಅಂಗೈ ತೂರುತ್ತದೆ. ತುಂಬಿ ಬರುವ ನೀರನ್ನು ಕಂಡು ಅವಳು ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಾಳೆ. ಆ ಚಿತ್ರ ಅವನ ಎದೆಯೊಳಗೆ ತಂಪಾಗಿ ಕೂತಿತು. ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದವನ ಹೆಜ್ಜೆಯಲ್ಲಿ ಅವನು ಕೆಲಸಕ್ಕೆ ಹೊರಟ.

ಕೆಲಸ ಎಂದರೆ ರೆಸಾರ್ಟಿನದು. ಹಿಂದೆ ಊರಿನ ಒಂದೊಂದು ಮನೆಯೂ ಸುಗ್ಗಿಯಲ್ಲಿ ಒಂದೊಂದು ಮೊರ ಧಾನ್ಯ ನೀರುಗಂಟಿಗೆಂದು ಎತ್ತಿಡುತ್ತಿತ್ತು. ಗದ್ದೆ ಮಾಡುವ ಮನೆಗಳು ಕಮ್ಮಿಯಾದಂತೆ ಮೊರಗಳೂ ಕಮ್ಮಿಯಾದವು; ಮೊದಲ ಗದ್ದೆ ಕಾರು ನಿಲ್ಲಿಸುವ ಬಯಲಾಯಿತು, ನಡುಗದ್ದೆಯವರು ಕೋಣೆ ಗುಡಿಸಲು ಹೋದರು, ಅವರ ಸೊಪ್ಪು ತರಕಾರಿಯನ್ನು ಅಡುಗೆಮನೆಗೆ ಕೊಳ್ಳುತ್ತೇವೆ ಎಂದಿದ್ದ ರೆಸಾರ್ಟಿಗೆ ಈಗ ತರಕಾರಿ ಲಾರಿಯಲ್ಲಿ ಬರುತ್ತದೆ. ಆಗ ಭಾಮೈದನೇ 'ನಿನ್ನ ವಿದ್ಯೆ ಯಾಕೆ ಹಾಳು ಮಾಡ್ಕೋತೀಯ ಭಾವ' ಎಂದು ಈ ಕೆಲಸ ಕೊಡಿಸಿದ್ದ. ಈಜುಕೊಳದ ಹಿಂದಿನ ತೋಟದಲ್ಲಿ ಮೊಣಕಾಲುದ್ದದ ಒಂದು ಕಾಲುವೆ, ಅಂಗೈಯಗಲದ ಆರು ಗದ್ದೆ, ಬಣ್ಣ ಬಳಿದ ಒಂದು ತೂಬು. ಅತಿಥಿಗಳು ತಿಂಡಿ ಮುಗಿಸಿ ಬರುತ್ತಾರೆ. ಇವನು ಹಸಿರು ಪಟ್ಟೆಯ ಅಂಗಿ, ಹುಲ್ಲಿನ ಟೋಪಿ ಹಾಕಿಕೊಂಡು ನೀರು ತಿರುಗಿಸುವುದನ್ನು ತೋರಿಸಬೇಕು. ನೀರು ಆರನೆಯ ಗದ್ದೆ ದಾಟಿ ಒಂದು ಜಾಲರಿಯೊಳಗೆ ಇಳಿಯುತ್ತದೆ. ಕೆಳಗೆ ಮೋಟಾರು ಅದನ್ನು ಎತ್ತಿ ಮತ್ತೆ ತೂಬಿನ ಹಿಂದಕ್ಕೆ ಹಾಕುತ್ತದೆ. ಮೊದಲ ವಾರ ಇದು ಅವನಿಗೆ ಗೊತ್ತಿರಲಿಲ್ಲ. ಒಂದು ಹಳದಿ ಎಲೆ, ಅಂಚಿನಲ್ಲಿ ಹುಳು ತಿಂದ ತೂತಿದ್ದದ್ದು, ಮೂರನೆಯ ಸಲ ತನ್ನ ಕಾಲ ಬುಡದಲ್ಲಿ ಹಾದುಹೋದಾಗ ಗೊತ್ತಾಗಿತ್ತು. ಆವತ್ತು ಮನೆಗೆ ಹೋದ ಮೇಲೂ ತಲೆ ಸುತ್ತುತ್ತಿತ್ತು. ಎಲ್ಲಿಗೂ ಮುಟ್ಟದ ನೀರು. ಯಾವ ಬೇರನ್ನೂ ಕಾಣದೆ, ಹಗಲೆಲ್ಲ ಹರಿದೂ ಹರಿಯದೆ.

'ನೀರು ನಿಮ್ಮ ಮಾತು ಕೇಳುತ್ತಾ?' ಎಂದು ಯಾರಾದರೊಬ್ಬರು ಕೇಳುತ್ತಾರೆ. ಇವತ್ತು ಕೇಳಿದವಳು ಬಣ್ಣದ ಕನ್ನಡಕ ಹಾಕಿದ್ದ ಒಬ್ಬ ಹೆಂಗಸು. ಅದಕ್ಕೆ ಏನು ಹೇಳಬೇಕೆಂದು ಭಾಮೈದ ಬಾಯಿಪಾಠ ಮಾಡಿಸಿದ್ದ.

'ಮನೇಲಿ ಹೆಂಡ್ತಿ ಕೇಳಲ್ಲ ತಾಯಿ, ನೀರಾದ್ರೂ ಕೇಳ್ಲಿ ಅಂತ ಇಲ್ಲಿ ಬರ್ತೀನಿ.'

ಅವರು ನಕ್ಕರು. ದಿನವೂ ನಗುತ್ತಾರೆ. ಈ ಮಾತು ಹೆಂಡತಿಯ ಕಿವಿಗೆ ಬಿದ್ದ ದಿನ ಅವಳು, 'ನಾನು ಕೇಳದೇ ಇದ್ದ ಮಾತು ಯಾವುದು ಹೇಳಿ, ಒಂದು ಹೇಳಿ' ಎಂದು ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು. 'ಒಂದ್ಸಲ ಕೂಗಿ ತೋರಿಸಿ' ಎಂದರು ಯಾರೋ. ಇಲ್ಲಿನ ಆರು ಗದ್ದೆಗೂ ಹೆಸರಿಲ್ಲ. ಇವನು ಸುಮ್ಮನೆ ಓ ಎಂದು ಎಳೆಯುತ್ತಾನೆ. ಇವತ್ತು ಎಳೆಯಲು ಬಾಯಿ ತೆರೆದಾಗ ಬೆಳಿಗ್ಗೆ ನುಂಗಿದ ಕೂಗು ಗಂಟಲಲ್ಲಿ ಮಿಸುಕಿದಂತಾಯಿತು. ಅಲ್ಲಿ ಕೂಗದವನು ಇಲ್ಲಿ ಕೂಗಿದ. ಅವರು ಫೋನು ಎತ್ತಿ ಹಿಡಿದರು. ಪರವಾಗಿಲ್ಲ ಎಂದುಕೊಂಡ. ಈ ಹೊತ್ತಿಗೆ ಕೊನೆಗದ್ದೆಯಲ್ಲಿ ನೀರು ಬಿರುಕಿಗೆ ಇಳಿಯುತ್ತಿರುತ್ತದೆ, ಮಣ್ಣು ಚಿಟಿಚಿಟಿ ಗುಳ್ಳೆ ಬಿಡುತ್ತಿರುತ್ತದೆ, ಅತ್ತಿಗೆ ಬದುವಿನ ಮೇಲೆ ನಿಂತು ದೇವರಿಗೆ ಕೈ ಮುಗಿದಿರುತ್ತಾಳೆ. ಹುಲ್ಲಿನ ಟೋಪಿಯ ಕೆಳಗೆ ಅವನು ಒಬ್ಬನೇ ಸಣ್ಣಗೆ ನಕ್ಕ. ಫೋನು ಹಿಡಿದವರು ಅದನ್ನೂ ತೆಗೆದುಕೊಂಡರು.

ಅಧಿಕಾರಿ ನಡುಹಗಲಿಗೆ ಬಂದ. ಆವತ್ತು ಕೋಲು ಅದ್ದಿದ ಅದೇ ಮನುಷ್ಯ, ಎರಡು ವರ್ಷದಲ್ಲಿ ಕೂದಲು ಬಿಳುಪಾಗಿತ್ತು, ಮೊಣಕಾಲು ನೋವಿನವರ ಹಾಗೆ ಮೆಲ್ಲಗೆ ಹತ್ತಿದ. ಭಾಮೈದ ಅವನಿಗೆ ಕೊಡೆ ಹಿಡಿದಿದ್ದ. ಎಡಗೈಯಲ್ಲಿ. ಅಳತೆಗಲ್ಲಿನ ಹತ್ತಿರ ಬಂದಾಗ ಕಾಲುವೆಯನ್ನು ಕಂಡು ಭಾಮೈದನ ಮುಖದಲ್ಲಿ ಏನೋ ಒಂದು ಕ್ಷಣ ನಿಂತು ಹೊರಟುಹೋಯಿತು. ತೋಟದಿಂದ ನೇರ ಅಲ್ಲಿಗೆ ಬಂದು ನಿಂತಿದ್ದ ನೀರುಗಂಟಿಯ ಕಡೆ ನೋಡಿದ, ಪಟ್ಟೆಯ ಅಂಗಿಯಿಂದ ಕೆಸರು ಕಾಲಿನವರೆಗೆ. ಅಧಿಕಾರಿ ಕೋಲು ಅದ್ದಿದ. 'ನಾಲ್ಕು ಬೆರಳು' ಎಂದ. ಮತ್ತೆ ಅದ್ದಿದ. 'ನಾಲ್ಕೇ. ಅರ್ಜೀಲಿ ಬರೆದದ್ದು ಸುಳ್ಳಲ್ಲ ಹಾಗಾದ್ರೆ.' ಪುಸ್ತಕ ತೆರೆದು ಲೇಖನಿಯ ಮುಚ್ಚಳ ಬಿಚ್ಚಿದ.

'ಸರ್, ಒಂದು ಮಾತು' ಎಂದ ಭಾಮೈದ, ನೀರು ಬೇಕಾ ಎಂದು ಕೇಳುವಷ್ಟು ಮೆಲ್ಲಗೆ. 'ಭಾವ ಇವತ್ತು ಬೆಳಿಗ್ಗೆ ಹಲಗೆ ಪೂರಾ ಎತ್ತಿ ಹೊಂಡ ಖಾಲಿ ಮಾಡಿದಾರೆ. ಬೇಕಾದ್ರೆ ಅವರನ್ನೇ ಕೇಳಿ. ನಮ್ಮ ಭಾವ ಸುಳ್ಳು ಹೇಳೋರಲ್ಲ.'

ಆ ಕೊನೆಯ ಮಾತು. ಆಮೇಲೆ ಎಷ್ಟೋ ಸಲ ನೀರುಗಂಟಿ ಅದನ್ನು ತಿರುಗಿಸಿ ನೋಡಲಿದ್ದ. ಹೊಡೆದಿದ್ದರೆ ತಾಳಿಕೊಳ್ಳಬಹುದಿತ್ತು; ಭಾಮೈದ ಇವನ ಬಗ್ಗೆ ಇದ್ದ ಒಂದೇ ಒಳ್ಳೆಯ ಮಾತನ್ನು ತೆಗೆದು, ಅದರಿಂದಲೇ ಇವನನ್ನು ಕಟ್ಟಿ ಹಾಕಿದ್ದ.

'ಎತ್ತಿದ್ರಾ ಯಜಮಾನ್ರೇ?' ಎಂದು ಅಧಿಕಾರಿ ಕೇಳಿದ.

'ಎತ್ತಿದೆ. ಇವನು ಇಳಿಸಿದ್ದ. ಅದಕ್ಕೆ ಎತ್ತಿದೆ.'

'ನಾನಾ?' ಭಾಮೈದ ನಕ್ಕ. ಕೋಪವಿಲ್ಲದ, ಮನೆಯವರ ನಗು. 'ನಾನು ತೂಬಿನ ಹತ್ತಿರ ಹೋಗಿ ಎಷ್ಟು ವರ್ಷ ಆಯ್ತು ಭಾವ.'

'ಜಡೆ ಎಡಕ್ಕೆ ತಿರುಚಿತ್ತು.'

'ಏನು ಎಡಕ್ಕೆ ತಿರುಚಿತ್ತು?' ಎಂದ ಅಧಿಕಾರಿ. ಹೇಳಲು ಹೊರಟ ನೀರುಗಂಟಿ. ಹುಲ್ಲು, ಮೂರೆಳೆ, ಅಪ್ಪನ ಕೈ ಬಲಕ್ಕೆ. ಹೇಳುತ್ತಿದ್ದ ಹಾಗೆ ತನ್ನ ಮಾತು ತನಗೇ ತೋಟದ ಕಾಲುವೆಯ ಮುಂದೆ ಹೇಳುವ ಮಾತಿನ ಹಾಗೆ ಕೇಳಿತು. ತೋರಿಸೋಣವೆಂದರೆ ಜಡೆಯನ್ನು ತಾನೇ ನೀರಿಗೆ ಎಸೆದಿದ್ದ. ನಿಲ್ಲಿಸಿದ. ಆಮೇಲೆ, ಯಾರೂ ಕೇಳದಿದ್ದರೂ, ಎರಡು ವರ್ಷದಿಂದ ಹೊತ್ತಿದ್ದನ್ನು ಇಳಿಸಿದ: 'ಆವತ್ತಿನ ಅಳತೆಯೂ ಸುಳ್ಳು ಸಾಹೇಬ್ರೇ. ಆವತ್ತು ನಾನೇ ಎರಡು ದಿನ ಹಿಡಿದಿಟ್ಟಿದ್ದೆ. ನೆಂಟರು ಬರ್ತಾರೆ ಅಂದ್ಕೊಂಡಿದ್ದೆ.'

ಅಧಿಕಾರಿ ಕೊಡೆಯ ನೆರಳಿನಿಂದ ಈಚೆ ಬಂದು, ಪುಸ್ತಕದ ಹಿಂದಿನಿಂದ ಒಂದು ಹಾಳೆ ತೆಗೆದು ಇವನ ಕಣ್ಣ ಮುಂದೆ ಹಿಡಿದ. ಕೆಳಗೆ ಇವನ ನಾಲ್ಕಕ್ಷರ, ಸಾಲು ಬಿಟ್ಟು ಮೇಲೇರಿದ್ದು. ಅದರ ಮೇಲಿನ ಸಾಲನ್ನು ಇವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಅಳತೆಗೆ ಎರಡು ದಿನ ಮುಂಚಿನಿಂದ ತೂಬನ್ನು ಯಾರೂ ಮುಟ್ಟಿಲ್ಲವೆಂದು ಈ ಮೂಲಕ. ಈ ಸಲ ಓದಿದ್ದು ಮರೆಯಲಿಲ್ಲ. ಜಗಲಿಯ ಮೇಲೆ ಆಡುತ್ತಿದ್ದ ಕಾಲು ಕಂಡಿತು. ಆವತ್ತಿನ ಕಾಗದವನ್ನು ಹಿಡಿದಿದ್ದ ಎಡಗೈ, ಅದರ ಹೆಬ್ಬೆರಳು ತೂಬು ಮುಟ್ಟಬಾರದೆಂಬ ಸಾಲನ್ನೇ ಮುಚ್ಚಿತ್ತೆಂಬುದು ಕೂಡ ಕಂಡಂತಾಯಿತು.

'ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ' ಎಂದ ಅಧಿಕಾರಿ. ಅವನ ದನಿಯಲ್ಲಿ ನಿಜವಾಗಿಯೂ ಕನಿಕರವಿತ್ತು. 'ಈಗ ನೀವು ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ. ಕೇಳಿಸ್ಕೊಂಡ್ರೆ ಮೊದಲು ನಿಮ್ಮನ್ನೇ ಹಿಡೀಬೇಕಾಗುತ್ತೆ. ಇವತ್ತು ತೂಬು ಮುಟ್ಟಿದ್ದೀರಿ, ಇವತ್ತಿನ ಅಳತೆ ನಡೆಯಲ್ಲ. ಹಳೇದೇ ನಿಲ್ಲುತ್ತೆ.'

'ಇನ್ನೊಂದು ದಿನ ಬಂದು ನೋಡಿ. ನಾಳೆ ಬನ್ನಿ.'

'ನಮ್ಮದೂ ಸರದಿ ಇರುತ್ತೆ ಯಜಮಾನ್ರೇ. ಮತ್ತೆ ಈ ಕಡೆ ಬರೋದು ಮೂರು ವರ್ಷಕ್ಕೆ.'

ಲೇಖನಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಅವರು ಇಳಿದು ಹೋಗುವಾಗ ಭಾಮೈದ ಹಿಂದಕ್ಕೆ ಬಂದು, ಇವನ ಹುಲ್ಲಿನ ಟೋಪಿಗೆ ಅಂಟಿದ್ದ ಏನನ್ನೋ ಕೊಡವಿ, 'ಬಿಸಿಲಲ್ಲಿ ನಿಲ್ಲಬೇಡ ಭಾವ, ಮನೆಗೆ ಹೋಗಿ ಊಟ ಮಾಡು. ಸಾಯಂಕಾಲ ಇನ್ನೊಂದು ಗುಂಪು ಬರುತ್ತೆ' ಎಂದ. ಅವನ ಕಣ್ಣಲ್ಲಿ ಕೇಡಿರಲಿಲ್ಲ. ಅದನ್ನೇ ಹುಡುಕಿದ ನೀರುಗಂಟಿ. ಸಿಕ್ಕಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಮನೆಯ ಅನ್ನ ಉಂಡು ಬೆಳೆದವನ ಅಕ್ಕರೆಯೇ ಅಲ್ಲಿತ್ತು, ಹಾಗೇ, ಒಂದು ಹನಿಯೂ ಕಮ್ಮಿಯಾಗದೆ.

ಊಟಕ್ಕೆ ಹೋಗಲಿಲ್ಲ. ಕಾಲು ಕಾಲುವೆಯ ಜೊತೆಗೆ ಇಳಿಯುತ್ತ ಹೋಯಿತು. ಕಾರುಗಳು ಬಿಸಿಲಿಗೆ ಹೊಳೆಯುತ್ತಿದ್ದ ಮೊದಲ ಗದ್ದೆ, ಕಳೆ ಆಳುದ್ದ ಎದ್ದಿದ್ದ ನಡುಗದ್ದೆ. ದಡದ ಮಣ್ಣು ತೊಡೆಯೆತ್ತರದವರೆಗೆ ಒದ್ದೆಯಾಗಿತ್ತು. ಬೆಳಿಗ್ಗೆ ನೀರು ಎಷ್ಟು ತುಂಬಿ ಹೋಗಿತ್ತೆಂಬುದಕ್ಕೆ ಗುರುತು. ಅದನ್ನು ಸವರುತ್ತ ನಡೆದ. ಅಳತೆ ಹೋಗಲಿ, ಕಾಗದ ಹೋಗಲಿ; ಒಂದು ಗದ್ದೆಯಾದರೂ ಕುಡಿಯಿತು. ದೇವರ ಲೆಕ್ಕದಲ್ಲಿ ಅದೂ ಸೇರುತ್ತದೆ. ಅವಳ ಪೈರಿಗೆ ಇನ್ನು ಹತ್ತು ದಿನ ಭಯವಿಲ್ಲ. ಹತ್ತು ದಿನದಲ್ಲಿ ಒಂದು ಮಳೆ ಬಂದರೂ ತೆನೆ ತುಂಬುತ್ತದೆ. ಅವಳು ಒಂದು ಮೊರ ಎತ್ತಿಡುತ್ತಾಳೆ. ಬೇಡ ಎನ್ನುತ್ತೇನೆ. ಹೀಗೆ ಬೇಡ ಎನ್ನುವುದನ್ನು ಮನಸ್ಸಿನಲ್ಲೇ ಎರಡು ಮೂರು ಬಗೆಯಲ್ಲಿ ಹೇಳಿಕೊಳ್ಳುತ್ತ ಅವನು ಕೊನೆಯ ತಿರುವು ದಾಟಿದ.

ಗದ್ದೆ ಬೂದಿಬಣ್ಣಕ್ಕೆ ಇತ್ತು. ಬಿರುಕುಗಳು ನಿನ್ನೆ ಎಲ್ಲಿದ್ದವೋ ಅಲ್ಲೇ ಇದ್ದವು, ಒಂದೂ ಕೂಡಿಕೊಂಡಿರಲಿಲ್ಲ. ಪೈರಿನ ತುದಿ ಸುಟ್ಟ ಕಾಗದದ ಅಂಚಿನ ಹಾಗೆ ಸುರುಳಿ ಸುತ್ತಿತ್ತು. ಗದ್ದೆಯ ಬಾಯಿಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಲಾಗಿತ್ತು. ಅದರ ಆಚೆ, ಕಾಲುವೆ ಹಳ್ಳಕ್ಕೆ ಬೀಳುವಲ್ಲಿ, ಕೊರಕಲು ಹೊಸದಾಗಿ ಕಿತ್ತುಹೋಗಿತ್ತು. ಅತ್ತಿಗೆ ಬದುವಿನ ಮೇಲೆ ಗುದ್ದಲಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು.

'ಬಾ ಅಪ್ಪ. ನಿನ್ನನ್ನೇ ಕಾಯ್ತಿದ್ದೆ. ತೂಬು ಒಡೆದೋಯ್ತಾ?'

ಅವನು ಮುಚ್ಚಿದ ಗದ್ದೆಯ ಬಾಯಿಯ ಹತ್ತಿರ ಬಂದು ನಿಂತ.

'ಬೆಳಿಗ್ಗೆ ಬಂತು ನೋಡು ನೀರು. ಈ ಎತ್ತರ. ನಿನ್ನ ಕೂಗು ಕೇಳಿಸಲಿಲ್ಲ. ಕಿವಿ ಮಂದ ಆಯ್ತೇನೋ ಅಂತ ಆ ದಿಣ್ಣೆ ಹತ್ತಿ ನಿಂತು ಕೇಳಿದೆ. ಇಲ್ಲ. ಆಮೇಲೆ ನಿನ್ನ ಹುಲ್ಲಿನ ಜಡೆ ತೇಲಿ ಬಂತು. ಓ, ತೂಬು ಕಿತ್ಕೊಂಡಿದೆ, ಯಾರದೋ ಸರದಿ ನೀರು ದಾರಿ ತಪ್ಪಿ ಬಂದಿದೆ ಅಂದ್ಕೊಂಡೆ. ನನ್ನ ಗದ್ದೆ ಬಾಯಿ ಸ್ವಲ್ಪ ತೆರೆದೇ ಇತ್ತು, ಮುಚ್ಚೋವಷ್ಟರಲ್ಲಿ ಸಾಕುಸಾಕಾಯ್ತು. ಆ ಜಡೇನೇ ಇಟ್ಟು ಮಣ್ಣು ಮೆತ್ತಿದೆ.' ನಕ್ಕಳು, ನಕ್ಕಾಗ ತುಟಿಯೂ ನೆಲದ ಹಾಗೆ ಬಿರಿಯಿತು. 'ಆಸೆ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ನೋಡ್ತಾ ನಿಲ್ಲೋಕಾಗದೆ ಆ ಕಡೆ ಮುಖ ಮಾಡ್ಕೊಂಡು ಕೂತೆ. ನಿನಗೆ ಏನೂ ಆಗಿಲ್ವಲ್ಲ? ಹಲಗೆ ಕಾಲಿನ ಮೇಲೆ ಬಿದ್ದಿಲ್ಲ ತಾನೇ?'

ಗದ್ದೆಯ ಬಾಯಲ್ಲಿ, ಒಣಗುತ್ತಿದ್ದ ಮಣ್ಣಿನ ನಡುವಿನಿಂದ ಜಡೆಯ ತುದಿ ಕಾಣುತ್ತಿತ್ತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಬೆಳಗಿನಿಂದ ತನ್ನನ್ನು ತಂಪಾಗಿಟ್ಟಿದ್ದ ಚಿತ್ರದೊಳಗೆ ಈ ಹೆಂಗಸು ಎರಡೂ ಕೈಯಲ್ಲಿ ನೀರು ಬಾಚಿಕೊಳ್ಳುತ್ತಿದ್ದಳು. ಇವಳನ್ನು ಅಷ್ಟೇ ಎಂದುಕೊಂಡಿದ್ದೆನಲ್ಲ ಎನ್ನಿಸಿತು. ಹೊಂಡ ಖಾಲಿ ಮಾಡಿದ ಪಾಪಕ್ಕಿಂತ ಅದೇ ದೊಡ್ಡದಾಗಿ ಕಂಡಿತು. ಇಪ್ಪತ್ತು ದಿನ ಬಾಯಾರಿದವಳು ತುಂಬಿದ ನೀರಿಗೆ ಬೆನ್ನು ತಿರುಗಿಸಿ ಕೂತಿದ್ದು ತನ್ನ ಕೂಗಿಗೆ ಮರ್ಯಾದೆ ಕೊಟ್ಟು. ಆ ಕೂಗನ್ನು ತಾನು ಹೊತ್ತಾರೆ ಹೆದರಿ ನುಂಗಿದ್ದ. ನುಂಗಿದ್ದನ್ನು ಟೋಪಿ ಹಾಕಿಕೊಂಡು ಫೋನುಗಳ ಮುಂದೆ ಹೊರಹಾಕಿದ್ದ.

ಹೇಳಿದ. ಎಲ್ಲವನ್ನೂ ಹೇಳಿದ. ಇವತ್ತಿನದನ್ನು ಮೊದಲು, ಆಮೇಲೆ ಎರಡು ವರ್ಷದ ಹಿಂದಿನದನ್ನು. ಕಾಗದ, ನೆಂಟರು, ತೊಳೆದ ಅಳತೆಗಲ್ಲು, ಹೆಸರಿನ ನಾಲ್ಕಕ್ಷರ. ಭಾಮೈದನ ಮಾತು ಬಂದಾಗ ಅವನ ಮೇಲೆ ಹೊರಿಸಲು ಹೋಗಲಿಲ್ಲ. ಆವತ್ತು ಹಲಗೆ ಇಳಿಸಿದ್ದು ನಾನು ಎಂದ. ಅಧಿಕಾರಿ ಕೇಳಿಸಿಕೊಳ್ಳದೇ ಇದ್ದದ್ದನ್ನು ಇವಳು ಕೇಳಿಸಿಕೊಂಡಳು. ಅವಳ ಕಣ್ಣು ಅವನ ಪಟ್ಟೆಯ ಅಂಗಿಯ ಗುಂಡಿಯ ಮೇಲಿತ್ತು. ಮುಗಿದ ಮೇಲೆ ಗಾಳಿಗೆ ಒಣಗಿದ ಪೈರು ಸರಸರ ಎಂದಿತು. ಹಸಿ ಪೈರಿನ ಸದ್ದು ಹಾಗಿರುವುದಿಲ್ಲ.

ಅವಳು ಮೊಣಕಾಲಿಗೆ ಕೈಯೂರಿ ಎದ್ದಳು. ಗುದ್ದಲಿ ತೆಗೆದುಕೊಂಡು ಬೆಳಿಗ್ಗೆ ತಾನೇ ಮೆತ್ತಿದ್ದ ಮಣ್ಣನ್ನು ನಾಲ್ಕು ಏಟಿಗೆ ಬಿಡಿಸಿದಳು. ಜಡೆಯನ್ನು ಎತ್ತಿ, ತಿರುಗಿಸಿ ನೋಡಿ, ಬದುವಿನ ಮೇಲೆ ಅವನ ಹತ್ತಿರ ಇಟ್ಟಳು. ಗದ್ದೆಯ ಬಾಯಿ ತೆರೆದುಕೊಂಡಿತು. ಕಾಲುವೆಯ ತಳದಲ್ಲಿದ್ದ ನಾಲ್ಕು ಬೆರಳು ನೀರು ಅದರ ಅಂಚಿಗೂ ಏರದೆ ಹಾಗೇ ಮುಂದಕ್ಕೆ ಹೋಯಿತು.

'ನಾಳೆ ಯಾರ ಸರದಿ?' ಎಂದು ಕೇಳಿದಳು.

'ನಿಂದೇ ಅತ್ತಿಗೆ.' ಅವನ ದನಿಯಲ್ಲಿ ಒಂದು ಚೂರು ಆಸೆ ಎದ್ದಿತು. 'ಹೊತ್ತು ಹುಟ್ಟೋಕೆ ಮುಂಚೆ ಕೂಗ್ತೀನಿ.'

'ಕೂಗಬೇಡಿ' ಎಂದಳು ಅವಳು. ಮೂವತ್ತೊಂದು ವರ್ಷದಲ್ಲಿ ಅವನನ್ನು ಅವಳು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. 'ನಾನೇ ತೂಬಿನ ಹತ್ರ ಬಂದು ನೋಡ್ಕೋತೀನಿ.'

ಗುದ್ದಲಿಯನ್ನು ಹೆಗಲಿಗೇರಿಸಿ ಬದುವಿನ ಮೇಲೆ ನಡೆದು ಹೋದಳು. ಅವನು ಕೂತೇ ಇದ್ದ. ಕಾಲ ಬಳಿ ತೆಳ್ಳಗೆ ನೀರು ಹೋಗುತ್ತಿತ್ತು, ಅದರ ಮೇಲೆ ಒಂದು ಎಲೆ. ಅದು ತಿರುಗಿ ಬರಬಹುದೆಂದು ಅವನು ಬಹಳ ಹೊತ್ತು ಕಾದ.